ಈ ಅಮ್ಮನ ಕೂದಲಾ ಯಾಕ ಕರ್ರಗ ಅದಾವ?

ಹೋದ ವರ್ಷ ಊರಿಗೆ ಬಂದಾಗ ಸೊಸಿಗೆಂದು, ಅಂದರೆ ಅಕ್ಕನ ಮಗಳಿಗೆ, ಬೆಂಗಳೂರಿನಲ್ಲಿ ಒಂದು ಚಿತ್ರಪುಸ್ತಕ ಕೊಂಡಿದ್ದೆ. ಎರಡನೇ ಇಯತ್ತೆ ಹುಡುಗಿ. ವಿಜಯಪುರ ಜಿಲ್ಲೆ ಇಂಡಿ ತಾಲ್ಲೂಕಿನ ನಮ್ಮ ಮನೆಯ ಕಟ್ಟೆಯ ಮೇಲೆ ಕೂತು ಅಕ್ಷರದ ಮೇಲೆ ಬೆರಳಿಟ್ಟು ಓದಿದಳು: ‘ಅಮ್ಮ ಹೊಲಕ್ಕೆ ಹೊರಟಳು.’ ಚಿತ್ರ ನೋಡಿದಳು, ನನ್ನ ಮುಖ ನೋಡಿದಳು. ‘ಮಾಮಾ, ಈ ಅಮ್ಮನ ಕೂದಲಾ ಯಾಕ ಕರ್ರಗ ಅದಾವ?’

ನಮ್ಮ ಮನೆಯಲ್ಲಿ ಅಮ್ಮ ಅಂದರೆ ಅಜ್ಜಿ. ಹೆತ್ತವಳು ಅವ್ವ, ಅಜ್ಜ ಮುತ್ಯಾ. ಪುಸ್ತಕದಲ್ಲಿ ತಪ್ಪೇನಿಲ್ಲ, ಹುಡುಗಿಯ ಪ್ರಶ್ನೆಯಲ್ಲಂತೂ ಇಲ್ಲವೇ ಇಲ್ಲ. ಆದರೆ ಆ ಪುಸ್ತಕ ಬರೆದವರ ಕಣ್ಣ ಮುಂದೆ ವಿಜಯಪುರದ ಮಗು ಕೂತಿರಲಿಲ್ಲ, ಅಷ್ಟೇ.

ನಾನಿರುವುದು ಅಮೆರಿಕದ ಮ್ಯಾಡಿಸನ್‌ನಲ್ಲಿ. ಮಗಳ ತರಗತಿಯ ಪುಸ್ತಕದ ಕಪಾಟು ಮಕ್ಕಳ ಎದೆಮಟ್ಟಕ್ಕಿದೆ, ಅದಕ್ಕೆ ಬೀಗವಿಲ್ಲ. ಗಾಲಿಕುರ್ಚಿಯ ಹುಡುಗ, ತಲೆಗೆ ಸ್ಕಾರ್ಫ್ ಕಟ್ಟಿದ ಹುಡುಗಿ, ಕೊರಿಯಾದ ಅಜ್ಜಿ, ಎಲ್ಲರೂ ಅದರಲ್ಲಿದ್ದಾರೆ. ಒಂದು ದಿನ ಎಣ್ಣೆ ಹಚ್ಚಿ ಎರಡು ಜಡೆ ಹಾಕಿದ ಹುಡುಗಿಯ ಪುಸ್ತಕ ಸಿಕ್ಕಿತೆಂದು ಮಗಳು ಅದನ್ನು ದಿಂಬಿನಡಿ ಇಟ್ಟುಕೊಂಡೇ ಮಲಗಿದಳು. ಇದೇನು ಆ ನೆಲದ ಗುಣವಲ್ಲ. ಇದೇ ಊರಿನ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಮಕ್ಕಳ ಪುಸ್ತಕಗಳ ಕೇಂದ್ರವೊಂದಿದೆ. ಅವರು ಕೂತು ಎಣಿಸಿದರು. 1985ರಲ್ಲಿ ದೇಶದಲ್ಲಿ ಬಂದ ಸುಮಾರು 2,500 ಮಕ್ಕಳ ಪುಸ್ತಕಗಳಲ್ಲಿ ಕಪ್ಪು ಜನರು ಬರೆದದ್ದು, ಚಿತ್ರಿಸಿದ್ದು ಬರೀ 18! 1990ರಲ್ಲಿ ರುಡೀನ್ ಸಿಮ್ಸ್ ಬಿಷಪ್ ಎಂಬ ವಿದ್ವಾಂಸೆ, ಮಗುವಿಗೆ ಪುಸ್ತಕ ಕಿಟಕಿಯಾದರೆ ಸಾಲದು, ತನ್ನ ಮುಖ ಕಾಣುವ ಕನ್ನಡಿಯೂ ಆಗಬೇಕು ಎಂದರು. ಅಲ್ಲಿಂದ ಜಗ್ಗಾಡಿ ಜಗ್ಗಾಡಿ ಇಷ್ಟಕ್ಕೆ ಬಂದಿದೆ. ಈಗ ಕೆಲವು ರಾಜ್ಯಗಳಲ್ಲಿ ಅಂಥವೇ ಪುಸ್ತಕಗಳನ್ನು ಶಾಲೆಯಿಂದ ತೆಗೆಸುವ ಗದ್ದಲವೂ ನಡೆದಿದೆ.

ಆದರೆ ಕೈಕೆಲಸದ ವಿಷಯಕ್ಕೆ ಬಂದರೆ ಅಲ್ಲಿನ ಶಾಲೆಯವರನ್ನು ನಾನು ಹೊಗಳಲಾರೆ. ನವೆಂಬರಿನ ಥ್ಯಾಂಕ್ಸ್‌ಗಿವಿಂಗ್ ಹಬ್ಬ ಬಂತೆಂದರೆ ಕಾಗದದ ಮೇಲೆ ಅಂಗೈ ಊರಿ ಸುತ್ತ ಗೆರೆ ಎಳೆದು ಟರ್ಕಿ ಕೋಳಿ ಮಾಡುತ್ತಾರೆ. ಹೆಬ್ಬೆರಳು ತಲೆ, ಉಳಿದ ನಾಲ್ಕು ಬೆರಳು ಪುಕ್ಕ. ಗೋಡೆಗೆ ಅಂಟಿಸಿದ್ದರಲ್ಲಿ ಮಗಳದು ಯಾವುದೆಂದು ಹೆಸರು ಓದಿಯೇ ತಿಳಿಯಬೇಕು.

ಮಣ್ಣೆತ್ತಿನ ಅಮಾವಾಸ್ಯೆಯಲ್ಲಿ ಹಾಗಾಗುವುದುಂಟೇ? ಹಳ್ಳದ ದಂಡೆಯ ಎರೆಮಣ್ಣು ತಂದು, ನಾದಿ, ಬೆನ್ನ ಮೇಲೆ ಇಣಿ ಏರಿಸಿ, ಕೋಡು ತಿದ್ದಿ, ಕಣ್ಣಿಗೆ ಜ್ವಾಳದ ಕಾಳು ಒತ್ತಿದರೆ ಒಂದೊಂದು ಎತ್ತು ಒಂದೊಂದು ಥರ. ಒಬ್ಬನದು ಹೋರಿಯಂತೆ ಹೂಂಕರಿಸಿದರೆ ಇನ್ನೊಬ್ಬನದು ನಾಯಿಯಂತೆ ಕೂತಿರುತ್ತದೆ. ಮರುದಿನ ಕಾಲು ಮುರಿದ ಎತ್ತನ್ನು ಹಿಡಿದು ‘ಎಂಟೆತ್ತಿನ್ಯಾಗ ಒಂದ ಕುಂಟೆತ್ತ ಬಂದೈತಿ, ಜ್ವಾಳಾ ನೀಡ್ರಿ’ ಎಂದು ನಾವು ಓಣಿ ತಿರುಗುತ್ತಿದ್ದೆವು. ಈ ಕೈಗೆ ಶಾಲೆಯಲ್ಲಿ ಕೊಡುವುದೇನು? ಅಕ್ಕನ ಮಗ ಪಟ್ಟಣದ ಇಂಗ್ಲಿಷ್ ಶಾಲೆಯಲ್ಲಿದ್ದಾನೆ. ‘ನಮ್ಮ ಹಳ್ಳಿ’ ಪ್ರಾಜೆಕ್ಟ್ ಎಂದು ಥರ್ಮಾಕೋಲ್ ತರಿಸಿದರು. ರಾತ್ರಿ ಹನ್ನೆರಡರವರೆಗೆ ಕೂತು ಮಾಡಿದ್ದು ಭಾವ. ಹುಡುಗ ಮುಟ್ಟಿದರೆ ‘ಕೆಡಸ್ತಿ, ಸರಿ ಅತ್ತಾಗ’ ಎಂದು ಬೈಸಿಕೊಂಡ. ಆ ಹಳ್ಳಿಯಲ್ಲಿ ನಿಂತದ್ದು ಅಂಗಡಿಯ ಪ್ಲಾಸ್ಟಿಕ್ ಎತ್ತು.

ಸೊಸಿಯದು ಸರ್ಕಾರಿ ಶಾಲೆ. ಅಲ್ಲಿ ನಲಿ-ಕಲಿ ಇದೆ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾಗಿ 2009ರ ಹೊತ್ತಿಗೆ ರಾಜ್ಯಕ್ಕೆಲ್ಲ ಹಬ್ಬಿದ, ಚಟುವಟಿಕೆಯಿಂದ ಕಲಿಸುವ ಪದ್ಧತಿ. ಕಲಿಕಾ ಏಣಿ, ಕಾರ್ಡು, ಮಕ್ಕಳ ಚಿತ್ರ ತೂಗುಹಾಕುವ ಚಪ್ಪರ. ಇಂಥದ್ದು ನಮ್ಮಲ್ಲೇ ಇರುವಾಗ ಅಮೆರಿಕದಿಂದ ಬಂದವನು ಪಾಠ ಹೇಳಬೇಕಿಲ್ಲ. ಕೊರತೆ ಇರುವುದು ಓದುವ ಪುಸ್ತಕದಲ್ಲಿ. ಇದ್ದವೂ ಬೀರುವಿನಲ್ಲಿದ್ದವು. ಕೇಳಿದರೆ ‘ಕಳದ್ರ ಯಾರ ಲೆಕ್ಕಾ ಕೊಡಾವ್ರ್ರಿ ಸರ್?’ ಎಂದರು ಮಾಸ್ತರು. ಅವರ ಕಷ್ಟ ಅವರಿಗೆ. ನನಗಂತೂ ಹರಿದ ಪುಸ್ತಕವೇ ಓದಿಸಿಕೊಂಡ ಪುಸ್ತಕ.

ಆ ಒಂದೇ ಕೋಣೆಯಲ್ಲಿ ಮನೆಯಲ್ಲಿ ಲಂಬಾಣಿ ಆಡುವ ತಾಂಡಾದ ಮಕ್ಕಳು, ದಖನಿ ಉರ್ದುವಿನವರು, ಗಡಿಯಾಚೆಯ ಮರಾಠಿ ತಾಯಂದಿರ ಮಕ್ಕಳು ಇದ್ದರು. ದಸರೆ ಮುಗಿಯುತ್ತಲೇ ಅವ್ವ-ಅಪ್ಪನ ಬೆನ್ನುಹತ್ತಿ ಕಬ್ಬು ಕಡಿಯುವ ಕಡೆ ಹೋಗಿ ಬೇಸಿಗೆಗೆ ಮರಳುವವರೂ ಇದ್ದರು. ಮ್ಯಾಡಿಸನ್ನಿನವರು ಕಪಾಟಿನಲ್ಲಿ ಕೂಡಿಸಿದ ವೈವಿಧ್ಯ ಇಲ್ಲಿ ನೆಲಕ್ಕೆ ಹಾಸಿದ ಪಟ್ಟಿಯ ಮೇಲೆ ಕೂತಿದೆ, ಈ ಮಕ್ಕಳ ಕೈಯ ಪುಸ್ತಕದಲ್ಲಿ ಮಾತ್ರ ಇಲ್ಲ. ಪಕ್ಕದ ಹಲಸಂಗಿಯ ಗೆಳೆಯರು ಸುಮಾರು ನೂರು ವರ್ಷದ ಕೆಳಗೆ ಬೀಸುವ ಕಲ್ಲಿನ ಮುಂದೆ ಕೂತವರ ಹಾಡನ್ನು ಅವರ ಮಾತಿನಲ್ಲೇ ಅಚ್ಚಿಗೆ ತಂದ ಸೀಮೆ ಇದು. ಕಬ್ಬಿನ ಗ್ಯಾಂಗಿನ ಹುಡುಗಿಯ ಕತೆ ಅದೇ ಮಾತಿನಲ್ಲಿ ಬರಲು ಏನಡ್ಡಿ? ಖರ್ಚಿನ ಮಾತೂ ಅಲ್ಲ. ಪ್ರಥಮ್ ಬುಕ್ಸ್ ಪ್ರಕಾಶನದವರು 2015ರಲ್ಲಿ ತೆರೆದ ಸ್ಟೋರಿವೀವರ್ ಜಾಲತಾಣದಲ್ಲಿ ಯಾರೂ ಕತೆ ಬರೆಯಬಹುದು, ಇದ್ದ ಚಿತ್ರಕ್ಕೆ ತಮ್ಮ ಮಾತು ಕೂಡಿಸಬಹುದು, ಇಳಿಸಿಕೊಂಡು ಅಚ್ಚು ಹಾಕಿಸಬಹುದು. ‘ಅದು ಶುದ್ಧ ಕನ್ನಡ ಅಲ್ಲ’ ಎಂಬ ಅಂಜಿಕೆ ನಮ್ಮವರಿಗೇ ಹೆಚ್ಚು. ಮೊದಲೆರಡು ವರ್ಷ ಅವ್ವ ಅವ್ವನಾಗಿಯೇ ಇರಲಿ. ಅಮ್ಮ, ತಾಯಿ, ಮಾತೆ ಎಲ್ಲ ಆಮೇಲೆ ಬರುತ್ತಾರೆ.

ಈ ಜೂನಿನಲ್ಲಿ ಸೊಸಿಯ ಮಾತು ಕೇಳಿ ನನ್ನ ಮಗಳೂ ಎತ್ತು ಮಾಡಲು ಕೂತಳು. ಎರೆಮಣ್ಣು ಎಲ್ಲಿಂದ ತರುವುದು? ಅಂಗಡಿಯಿಂದ ಬಿಳಿ ಜೇಡಿಯ ಪೊಟ್ಟಣ ತಂದೆ. ಒಣಗುವಷ್ಟರಲ್ಲಿ ಮುಂಗಾಲು ಕಳಚಿಬಿತ್ತು. ಅಳುತ್ತಲೇ ವಿಡಿಯೊದಲ್ಲಿ ತೋರಿಸಿದಳು. ಅತ್ತಲಿಂದ ಸೊಸಿ ಚಪ್ಪಾಳೆ ತಟ್ಟಿದಳು: ‘ಛಲೋ ಆತ ಬಿಡ! ಕುಂಟೆತ್ತ ಆತಲ್ಲ, ಇನ್ನ ಜ್ವಾಳಾ ಬೇಡಾಕ ಹೋಗು.’