ಸ್ಪಿಲ್‌ಬರ್ಗ್ ಮಾಡಿದ್ದು ಮೊದಲ ಕೊಲಂಬೊ ಅಲ್ಲ ಮಾರಾಯ್ರೆ
ಕುಂಬಳೆ, ಬದಿಯಡ್ಕ ಕಡೆ ನಮ್ಮ ದೋಸ್ತಿಗಳ ಮಧ್ಯೆ ಒಂದು ಮೆಸೇಜ್ ತಿರುಗ್ತಾ ಉಂಟು, ಅಮೆರಿಕದ ಹಳೇ ಪತ್ತೇದಾರಿ ಸೀರಿಯಲ್ ಕೊಲಂಬೊ ಶುರುವಾದದ್ದೇ ಹಾಲಿವುಡ್ ಡೈರೆಕ್ಟರ್ ಸ್ಪಿಲ್‌ಬರ್ಗ್ ಮಾಡಿದ ‘ಮರ್ಡರ್ ಬೈ ದ ಬುಕ್’ ಎಪಿಸೋಡಿಂದ ಅಂತ. ತಪ್ಪು. ನಟ ಪೀಟರ್ ಫಾಕ್ 1968ರಲ್ಲೇ ಒಂದು ಟಿವಿ ಸಿನಿಮಾದಲ್ಲಿ ಪತ್ತೇದಾರ ಕೊಲಂಬೊ ಆಗಿದ್ರು, 1971ರ ಮಾರ್ಚಲ್ಲಿ ಇನ್ನೊಂದು ಬಂತು, ‘ಮರ್ಡರ್ ಬೈ ದ ಬುಕ್’ ಬಂದದ್ದು ಅದೇ ವರ್ಷ ಸೆಪ್ಟೆಂಬರ್ 15ಕ್ಕೆ, ರೆಗ್ಯುಲರ್ ಸೀಸನ್ನಿನ ಮೊದಲ ಎಪಿಸೋಡ್ ಅಷ್ಟೆ. ಮತ್ತೆ ಕೊಲೆಗಾರನನ್ನು ಮೊದಲೇ ತೋರಿಸಿ ಸಸ್ಪೆನ್ಸ್ ಹಾಳು ಮಾಡಿದ್ರು ಅಂತ ಕೆಲವರಿಗೆ ಬೇಜಾರು, ಆದ್ರೆ ಕೊಲಂಬೊದ ಕ್ರಮವೇ ಹಾಗೆ, ಕೊಲೆಗಾರ ಹೇಗೆ ಸಿಕ್ಕಿಬೀಳ್ತಾನೆ ಅನ್ನೋದೇ ಕತೆ. ‘ಮರ್ಡರ್ ಬೈ ದ ಬುಕ್’ನ ಓಪನಿಂಗ್ ಒಮ್ಮೆ ಸರಿಯಾಗಿ ನೋಡಿ, ರಸ್ತೆಯಲ್ಲಿ ಕಾರು ಬರ್ತಾ ಉಂಟು, ಕೇಳೋದು ಟೈಪ್‌ರೈಟರ್ ಟಕಟಕ ಮಾತ್ರ, ನನಗೆ ಈಗ್ಲೂ ಮೈ ಜುಂ ಆಗ್ತದೆ.