‘ಇನ್ನೊಂದು ಮರಿ ತಂದ್ಬಿಡಿ’ ಅನ್ನುವವರಿಗೆ

ಬೆಳಿಗ್ಗೆ ಹಾಲಿನ ಬೂತ್ ಹತ್ತಿರ ಪರಿಚಯದವರೊಬ್ಬರು ಸಿಕ್ಕರು. ಪಾರ್ಕಿನಲ್ಲಿ ದಿನಾ ಸಿಗುವವರು, ಒಳ್ಳೆಯವರೇ. "ಏನ್ ಸಾರ್, ಇನ್ನೂ ಮುಖ ಹಂಗೇ ಇದೆ? ನಾಯಿ ತಾನೇ, ಇನ್ನೊಂದು ಮರಿ ತಂದ್ಬಿಡಿ, ಎಲ್ಲಾ ಸರಿಹೋಗುತ್ತೆ" ಅಂದರು. ಮೈಯೆಲ್ಲ ಉರಿದುಹೋಯಿತು. ಆದರೂ ಹಲ್ಲು ಕಿರಿದು ಬಂದೆ. ಬೀದಿಯಲ್ಲಿ ಜಗಳ ಆಡುವ ವಯಸ್ಸಲ್ಲ, ಅದಕ್ಕೇ ಫೇಸ್‌ಬುಕ್ ಇರೋದು.

ನಮ್ಮ ನಾಯಿ ಕೆಂಚ ತೀರಿಹೋದದ್ದು ನಿಮಗೆಲ್ಲ ಗೊತ್ತು. ಅವತ್ತಿನಿಂದ ಎಲ್ಲರದ್ದೂ ಇದೇ ಮಾತು. ಚಿಕ್ಕಮ್ಮ ಫೋನ್ ಮಾಡಿ ಅಂದರು. ಆಫೀಸಿನಲ್ಲಿ ಒಬ್ಬ "ಯಾವ ಬ್ರೀಡು?" ಅಂತ ಕೇಳಿದ. ಬೀದಿ ನಾಯಿ ಅಂದೆ. "ಓ" ಅಂದ. ಲ್ಯಾಬ್ರಡಾರ್ ಆಗಿದ್ದರೆ ಇನ್ನೆರಡು ದಿನ ಜಾಸ್ತಿ ಅಳೋಕೆ ಪರ್ಮಿಷನ್ ಸಿಗುತ್ತಿತ್ತೇನೋ. ಸರಿಯಾಗಿ ಮಾತಾಡಿದ್ದು ಗ್ಯಾಸ್ ಸಿಲಿಂಡರ್ ತರುವ ಹುಡುಗ ಮಾತ್ರ. ಕೆಂಚನಿಗೆ ಹೆದರಿ ಗೇಟಿನಾಚೆಯೇ ನಿಲ್ಲುತ್ತಿದ್ದವನು. "ಅಯ್ಯೋ, ಯಾವಾಗಣ್ಣಾ?" ಅಂದ. ಸಿಲಿಂಡರ್ ಇಳಿಸಿ ಸ್ವಲ್ಪ ಹೊತ್ತು ಸುಮ್ನೆ ನಿಂತ. ಅಷ್ಟು ಸಾಕಾಗಿತ್ತು.

ಇನ್ನೊಂದು ತರೋದಂತೆ! ಅಮ್ಮನ ಮಡಿ ನಿಮಗೆ ಗೊತ್ತಲ್ಲ. ಅಡುಗೆಮನೆ ಹೊಸ್ತಿಲು ದಾಟಬಾರದು ಅಂತ ಕೆಂಚನಿಗೆ ಕಟ್ಟಪ್ಪಣೆ. ಅವನು ಹೊಸ್ತಿಲ ಮೇಲೆ ಗದ್ದ ಇಟ್ಟು ಮಲಗುತ್ತಿದ್ದ. ಮೈಯೆಲ್ಲ ಆಚೆ, ಮೂಗು ಮಾತ್ರ ಒಳಗೆ. ಮೂಗು ಒಳಗಿದ್ದರೆ ಮೈಲಿಗೆಯೋ ಅಲ್ಲವೋ ಅನ್ನೋದು ನಮ್ಮನೆಯಲ್ಲಿ ಕಡೆಗೂ ಇತ್ಯರ್ಥ ಆಗಲಿಲ್ಲ. ಕಿಡ್ನಿ ಕೆಟ್ಟಿದೆ ಅಂತ ಗೊತ್ತಾದ ಮೇಲೆ ಹುಳಿಗೆ ಉಪ್ಪು ಹಾಕೋ ಮೊದಲು ಅಮ್ಮ ಅವನಿಗೆ ಅಂತ ಬೆಂದ ಕ್ಯಾರೆಟ್, ಬೀನ್ಸ್ ತೆಗೆದಿಡುತ್ತಿದ್ದರು. ಈಗಲೂ ತೆಗೆದಿಡುತ್ತಾರೆ. ಆಮೇಲೆ ನೆನಪಾಗಿ ವಾಪಸ್ ಪಾತ್ರೆಗೆ ಸುರಿಯುತ್ತಾರೆ. ನಾನು ನೋಡದ ಹಾಗೆ ಇರುತ್ತೇನೆ.

ನಾಯಿಗಳಲ್ಲಿ ಕಿಡ್ನಿಯ ಮುಕ್ಕಾಲು ಭಾಗ ಹೋದ ಮೇಲೇ ಸಾಮಾನ್ಯವಾಗಿ ರಕ್ತದಲ್ಲಿ ಕ್ರಿಯಾಟಿನಿನ್ ಅನ್ನೋ ಕಸ ಏರೋದು. ಅಲ್ಲಿಯವರೆಗೆ ನೀರು ಜಾಸ್ತಿ ಕುಡಿಯುತ್ತವೆ, ಉಚ್ಚೆ ಜಾಸ್ತಿ ಹೊಯ್ಯುತ್ತವೆ. ಬೇಸಿಗೆ ಅಲ್ವಾ ಅಂತ ನಾವೂ ಅಂದುಕೊಳ್ಳುತ್ತೇವೆ. ಕಡೆ ಕಡೆಗೆ ಸಂಜೆ ಹೊತ್ತು ಕಿಟಕಿ ಗ್ರಿಲ್‌ಗೆ ಸಲೈನ್ ಬಾಟಲಿ ನೇತುಹಾಕಿ, ಹೆಗಲ ಹತ್ತಿರ ಚರ್ಮ ಎತ್ತಿ ಸೂಜಿ ಚುಚ್ಚುತ್ತಿದ್ದೆ. ಡಾಕ್ಟರೇ ಹೇಳಿಕೊಟ್ಟಿದ್ದರು. ನೀರು ಚರ್ಮದಡಿ ಒಂಟೆ ಡುಬ್ಬದ ಹಾಗೆ ಊದಿಕೊಳ್ಳೋದು. ಅವನು ಎದ್ದು ನಾಲ್ಕು ಹೆಜ್ಜೆ ಹಾಕಿದರೆ ಡುಬ್ಬ ಜಾರಿ ಮುಂಗಾಲಿಗೆ ಇಳಿಯೋದು. ಕಾಲನ್ನೇ ಬಗ್ಗಿ ನೋಡಿಕೊಂಡು, ಇದ್ಯಾವುದಪ್ಪ ಹೊಸದು ಅಂತ ನನ್ನ ಕಡೆ ತಿರುಗುತ್ತಿದ್ದ. ಈ ಮುಖ ಇನ್ನೊಂದು ಮರಿ ಜೊತೆ ಫ್ರೀ ಬರುತ್ತಾ ಸಾರ್?

ಒಂದು ಮಾತು ಹೇಳಿಬಿಡ್ತೀನಿ. ದೊಡ್ಡಪ್ಪ ಹೋದಾಗ ನಾನು ಇಷ್ಟು ಅತ್ತಿರಲಿಲ್ಲ. ದೊಡ್ಡಪ್ಪನ ಮಕ್ಕಳೂ ಇಲ್ಲಿದ್ದಾರೆ, ಬೇಜಾರು ಮಾಡಿಕೊಳ್ಳಬೇಡಿ. ಆದರೆ ನನ್ನ ಸ್ಕೂಟರ್ ಶಬ್ದ ಕೇಳಿ ದೊಡ್ಡಪ್ಪ ಯಾವತ್ತೂ ಗೇಟಿಗೆ ಓಡಿ ಬಂದವರಲ್ಲ.

"ನಾಯಿಗೆ ಇಷ್ಟೆಲ್ಲಾ ಮಾಡೋದು ಈಗಿನವರ ಶೋಕಿ" ಅಂತಲೂ ಕೇಳಿದ್ದೇನೆ. ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ಮ್ಯೂಸಿಯಮ್‌ನವರ ಹತ್ತಿರ ಆತಕೂರಿನ ಶಾಸನದ ಕಲ್ಲು ಇದೆ, ಗೊತ್ತಾ? ಕ್ರಿ.ಶ. 949-50ರದ್ದು, ಮದ್ದೂರು ಕಡೆಯದು. ತಕ್ಕೋಲದ ಯುದ್ಧದಲ್ಲಿ ಚೋಳರ ರಾಜಾದಿತ್ಯ ಸತ್ತ. ಗೆದ್ದ ಖುಷಿಗೆ ರಾಷ್ಟ್ರಕೂಟರ ಮೂರನೇ ಕೃಷ್ಣ ಗಂಗರ ಬೂತುಗನಿಗೆ ಬನವಾಸಿ, ಬೆಳ್ವೊಲ ಅಂತ ನಾಡು ನಾಡುಗಳನ್ನೇ ಕೊಟ್ಟ. ಬೂತುಗ ತನ್ನ ಬಂಟ ಮಣಲೆರನಿಗೆ ಏನು ಬೇಕೋ ಕೇಳು ಅಂದ. ಮಣಲೆರ ಕೇಳಿದ್ದು ಕಾಳಿ ಅನ್ನೋ ನಾಯಿಯನ್ನ! ಆ ಕಾಳಿ ದೊಡ್ಡ ಹಂದಿಯೊಂದರ ಮೇಲೆ ಬಿದ್ದು, ಅದನ್ನೂ ಕೊಂದು ತಾನೂ ಸತ್ತಿತು. ಮಣಲೆರ ದೇವಸ್ಥಾನದ ಮುಂದೆ ಕಲ್ಲು ನಿಲ್ಲಿಸಿ, ಅದರ ಪೂಜೆಗೆ ಜಮೀನು ಬಿಟ್ಟ. ಪೂಜೆ ಮಾಡದೆ ಉಂಡರೆ ನಾಯಿಯ ಪಾಪ ಪೂಜಾರಿಗೆ ಅಂತಲೂ ಬರೆಸಿದ. ಇನ್ನೊಂದು ಮರಿ ತಂದ ಅಂತ ಆ ಕಲ್ಲಿನಲ್ಲಿ ಎಲ್ಲೂ ಇಲ್ಲ. ಧರ್ಮರಾಯನ ನಾಯಿ ಕಥೆ ಹೇಳೋಕೆ ಬರಬೇಡಿ, ಅದು ಕೊನೆಗೆ ಯಮಧರ್ಮ ಆಗಿಬಿಡುತ್ತೆ. ಕಾಳಿ ಕಡೆವರೆಗೂ ನಾಯಿ.

ಈಗ ಯಾರಾದರೂ ಕಾಮೆಂಟ್ ಹಾಕುತ್ತಾರೆ: ಬೀದಿ ನಾಯಿ ಮಕ್ಕಳನ್ನ ಕಚ್ಚುತ್ತಿರುವಾಗ ನಿಮ್ಮದೇನು ಗೋಳು ಅಂತ. ಕಚ್ಚುತ್ತಿವೆ, ನಿಜ. ರೇಬೀಸ್ ಬಂದರೆ ಉಳಿಯೋದೇ ಅಪರೂಪ, ಅದೂ ನಿಜ. ಅದಕ್ಕೆ ನಾಯಿಗಳಿಗೆ ಲಸಿಕೆ ಹಾಕಬೇಕು, ಮರಿ ಆಗದ ಹಾಗೆ ಆಪರೇಷನ್ ಮಾಡಿಸಬೇಕು. ನಾನು ಕಣ್ಣು ಒರೆಸಿಕೊಂಡರೆ ಯಾವ ಬೀದಿ ನಾಯಿ ಕಚ್ಚೋದು ಬಿಡುತ್ತೆ?

ಕೆಂಚನನ್ನ ಮಣ್ಣು ಮಾಡಿದ್ದು ಕೆಂಗೇರಿ ಕಡೆ, ಪೀಪಲ್ ಫಾರ್ ಅನಿಮಲ್ಸ್‌ನವರ ಪ್ರಾಣಿ ಸ್ಮಶಾನದಲ್ಲಿ. ಮೂವತ್ತು-ನಲವತ್ತರ ಸೈಟಲ್ಲಿ ಗಿಡಕ್ಕೇ ಮಣ್ಣಿಲ್ಲ, ನಾಯಿಗೆಲ್ಲಿ ಬರಬೇಕು.

ಕಿಡ್ನಿ ತೊಂದರೆ ಇರೋ ನಾಯಿಗಳಿಗೆ ಕೊಡೋ ಫುಡ್ ಅರ್ಧ ಚೀಲ ಉಳಿದಿದೆ. ಬಾಯಿ ಕಟ್ಟಿಟ್ಟಿದ್ದೇನೆ, ಡೇಟ್ ಇದೆ. ಸಲೈನ್ ಸೆಟ್, ಸೀಲ್ ಒಡೆಯದ ಸೂಜಿಗಳೂ ಇವೆ. ನಿಮ್ಮ ಡಾಕ್ಟರ್ ಬೇಕು ಅಂದಿದ್ದರೆ ಮೆಸೇಜ್ ಮಾಡಿ, ಭಾನುವಾರ ಬಂದು ತಗೊಂಡು ಹೋಗಿ. ಕಾಸು ಬೇಡ. ಕಾಫಿ ಕೊಡ್ತೀನಿ. ಮರಿ ವಿಷಯ ಎತ್ತಿದವರಿಗೆ ಕಾಫಿ ಇಲ್ಲ.