ಕ್ರಿಸ್‌ಮಸ್ ರಜೆ ಮತ್ತು ಸಮೋವಾದ ಚಾಪೆ

ಮೇಳ ಮಾಡಿ, ಮಳಿಗೆ ಹಾಕಿ ಕರಕುಶಲ ಕಲೆ ಉಳಿಸುತ್ತೇವೆ ಅನ್ನುವ ಮಾತಿನಲ್ಲಿ ನನಗೆ ನಂಬಿಕೆ ಕಡಿಮೆ. ನ್ಯೂಜಿಲೆಂಡ್‌ನ ಆಕ್ಲೆಂಡ್‌ನಲ್ಲಿ ಸಮೋವಾದವರನ್ನು ನೋಡುತ್ತಾ ಅದು ಇನ್ನೂ ಕಡಿಮೆಯಾಗಿದೆ.

ಪೆಸಿಫಿಕ್ ಸಾಗರದ ದ್ವೀಪದೇಶ ಸಮೋವಾದಲ್ಲಿ ಇರುವುದು ಸುಮಾರು 2 ಲಕ್ಷ ಜನ. ನ್ಯೂಜಿಲೆಂಡ್‌ನಲ್ಲೂ ಸಮೋವಾ ಮೂಲದವರು ಹೆಚ್ಚುಕಡಿಮೆ ಅಷ್ಟೇ ಇದ್ದಾರೆ. ಡಿಸೆಂಬರ್ ಬಂತೆಂದರೆ ಕುಟುಂಬಗಳು ಸಮೋವಾದ ರಾಜಧಾನಿ ಅಪಿಯಾಕ್ಕೆ ವಿಮಾನ ಹತ್ತುತ್ತವೆ. ಊರಲ್ಲಿ ಗಂಡಸರು ಕಾದ ಕಲ್ಲಿನ ಮೇಲೆ ಕೆಸುವಿನ ಗಡ್ಡೆ ಬೇಯಿಸುತ್ತಾರೆ. ಹೌದು, ಗಂಡಸರೇ! ಮದುವೆ, ಮನೆತನದ ಯಜಮಾನನಿಗೆ ಪಟ್ಟ ಕಟ್ಟುವುದು, ಸಾವಿನ ಕಾರ್ಯ, ಯಾವುದಕ್ಕೂ 'ಇಯೆ ತೋಂಗಾ' ಬೇಕೇ ಬೇಕು.

ಇದು ಚಾಪೆ, ಆದರೆ ಮಲಗಲಿಕ್ಕಲ್ಲ. ನಮ್ಮ ಕೇದಿಗೆ ಜಾತಿಯ ಗಿಡದ ಎಲೆಯ ಮುಳ್ಳು ತೆಗೆದು, ಬಿಸಿಲಿಗೆ ಒಣಗಿಸಿ, ಸಣ್ಣ ಎಳೆಗಳಾಗಿ ಸೀಳಿ ಹೆಂಗಸರು ನೇಯುತ್ತಾರೆ. ಒಳ್ಳೆಯದೊಂದಕ್ಕೆ ತಿಂಗಳುಗಟ್ಟಲೆ ಬೇಕು, ಒಮ್ಮೊಮ್ಮೆ ವರ್ಷವೇ. ಮುಟ್ಟಿದರೆ ಬಟ್ಟೆ ಅನ್ನಿಸುತ್ತದೆ. ತಪ್ಪು ಮಾಡಿದವರು ಇದನ್ನು ಹೊದ್ದು ಕುಳಿತು ಕ್ಷಮೆ ಕೇಳುವ ಪದ್ಧತಿಯೂ ಇದೆ. 1970ರ ದಶಕದಲ್ಲಿ ನ್ಯೂಜಿಲೆಂಡ್ ಪೊಲೀಸರು ಪೆಸಿಫಿಕ್ ದ್ವೀಪಗಳ ಜನರ ಮನೆಗಳಿಗೆ ನುಗ್ಗಿದ್ದಕ್ಕೆ 2021ರಲ್ಲಿ ಅಲ್ಲಿನ ಸರ್ಕಾರ ಕ್ಷಮೆ ಕೇಳಿತಲ್ಲ, ಆಗ ಪ್ರಧಾನಿ ಜಸಿಂಡಾ ಆರ್ಡರ್ನ್ ಅವರ ಮೇಲೂ ಇಂಥದೇ ಚಾಪೆ ಹೊದಿಸಿದ್ದರು.

ಬೇಡಿಕೆ ಇರುವುದಕ್ಕೇ ಈ ಚಾಪೆ ಉಳಿದಿದೆ. ಅದೇ 'ಸಿಯಾಪೊ' ನೋಡಿ. ಮರದ ತೊಗಟೆ ಬಡಿದು, ಬಣ್ಣ ಹಚ್ಚಿ ಮಾಡುವ ಬಟ್ಟೆ. ಗಿರಣಿ ಬಟ್ಟೆ ಬಂದ ಮೇಲೆ ಉಡುವವರು ಇಲ್ಲವಾದರು. ಈಗ ಮಾಡುವ ಮನೆಗಳು ಬೆರಳೆಣಿಕೆ, ಕೊಳ್ಳುವವರು ಜಾಸ್ತಿ ಪ್ರವಾಸಿಗರು.

ಹಾಗಂತ ಬೇಡಿಕೆಯೊಂದೇ ಸಾಲದು. ಚಾಪೆ ಕೊಡುವುದು ಕಡ್ಡಾಯ ಅಂದಾಗ ಜನ ದಪ್ಪ ಎಳೆಯಲ್ಲಿ ಬೇಗ ಬೇಗ ನೇಯತೊಡಗಿದರು. ಲೆಕ್ಕಕ್ಕೆ ಚಾಪೆ ಇತ್ತು, ನಯ ಹೋಗಿತ್ತು. ಹೆಂಗಸರ ಸಂಸ್ಥೆಯೊಂದು ಮತ್ತು ಸರ್ಕಾರ ಹಟ ಹಿಡಿದು ಹಳೆಯ ನೇಯ್ಗೆ ಕಲಿಸಿದ ಮೇಲೆ ಅದು ಚೇತರಿಸಿಕೊಂಡಿತು. 2019ರಲ್ಲಿ ಯುನೆಸ್ಕೋ ಪಟ್ಟಿಗೂ ಸೇರಿತು. ಪಟ್ಟಿಗಿಂತ ನನಗೆ ಇಷ್ಟವಾದದ್ದು ಕೂಲಿಯ ಏರ್ಪಾಡು. ಚಾಪೆ ಬೇಕಾದ ಕುಟುಂಬ ನೇಯುವಾಕೆಗೆ ವಾರವಾರ ದುಡ್ಡು ಕೊಡುತ್ತದೆ, ಮುಗಿಯುವ ತನಕ. ರಜೆಗೆ ಹೋದಾಗ ಚೌಕಾಸಿ ಮಾಡುವ ಮಾತೇ ಇಲ್ಲ. ನಮ್ಮ ಕಡೆ ಕೌದಿ ಹೊಲಿಸುವವರು ಹೀಗೆ ಕೊಡುತ್ತಾರಾ?